ಗ್ರಂಥಾಲಯದ ತಾರಸಿ ಹತ್ತಿ ಇಳಿದ ಎರಡೂವರೆ ವರ್ಷ

ಕೊನೆಯ ಬಿಲ್ಲಿಗೆ ಕಳೆದ ವಾರ ಸಹಿ ಬಿತ್ತು. ಮೈಸೂರಿನ ಒಂದು ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗದಲ್ಲಿ ನಾನು ಸಹಾಯಕ ಎಂಜಿನಿಯರ್. ಕ್ಯಾಂಪಸ್ಸಿನ ಹನ್ನೊಂದು ಕಟ್ಟಡಗಳ ಹೊರಮೈ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದು ಎರಡೂವರೆ ವರ್ಷವಾಯಿತು. ಹೊರಮೈ ಎಂದರೆ ತಾರಸಿ, ಹೊರಗೋಡೆ, ಕಿಟಕಿ, ಸಜ್ಜಾ, ಮಳೆನೀರು ಪೈಪು, ಗೋಡೆಯ ಬುಡದ ಸುತ್ತಲ ನೆಲ, ಎಲ್ಲವೂ. ಈ ಕೆಲಸ ಶುರುಮಾಡಿದಾಗ ಕೇಳೋಣವೆಂದರೆ ನನಗೆ ಹೇಳುವವರು ಯಾರೂ ಇರಲಿಲ್ಲ. ಬೇರೆ ಕಾಲೇಜುಗಳಲ್ಲಿ, ಹಾಸ್ಟೆಲುಗಳಲ್ಲಿ ಇದೇ ಜವಾಬ್ದಾರಿ ಹೊತ್ತವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

2022ರ ಅಕ್ಟೋಬರ್. ಆ ವರ್ಷ ಮಳೆ ಬಿಡುವೇ ಕೊಟ್ಟಿರಲಿಲ್ಲ. ದಸರಾ ಮುಗಿದು ವಾರ ಕಳೆದಿತ್ತು, ಚಿತ್ತೆ ಮಳೆ ಹಿಡಿದಿತ್ತು. ಬೆಳಿಗ್ಗೆ ಎಂಟಕ್ಕೆ ಗ್ರಂಥಪಾಲಕರ ಫೋನು: "ಮೇಡಂ, ನೀವೇ ಬಂದು ನೋಡಿ." ಹೋದೆ. ಎರಡನೇ ಮಹಡಿಯಲ್ಲಿ, ಹಳೆಯ ಕನ್ನಡ ಪತ್ರಿಕೆಗಳ ಬೈಂಡ್ ಸಂಪುಟಗಳನ್ನು ಇಟ್ಟಿದ್ದ ಸಾಲಿನ ಮೇಲೆ ಫ್ಯಾನಿನ ಕೊಕ್ಕೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನೆಲದ ಮೇಲೆ ಬಕೆಟ್ಟು, ಬಕೆಟ್ಟಿನಾಚೆ ನೀರು. ಸಿಬ್ಬಂದಿ ಸಂಪುಟಗಳನ್ನು ಬೆಂಚುಗಳ ಮೇಲೆ ಬಿಡಿಸಿ ಹರಡುತ್ತಿದ್ದರು. ಒದ್ದೆಯಾದ ಕಾಗದಕ್ಕೆ ಎರಡು ದಿನ ಸಾಕು, ಬೂಷ್ಟು ಹಿಡಿಯುತ್ತದೆ. ಮೂವತ್ತು ವರ್ಷದಿಂದ ಅಲ್ಲೇ ಕೆಲಸ ಮಾಡುತ್ತಿದ್ದ ಅಟೆಂಡರ್ ಒಬ್ಬರು ಹಾಳೆಗಳ ನಡುವೆ ಒಂದೊಂದೇ ಒಣ ಕಾಗದ ಇಡುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದರು. ಅದನ್ನು ನೋಡಿದ ಮೇಲೆ ಇದನ್ನು ಇನ್ನೊಂದು ತೇಪೆಯಲ್ಲಿ ಮುಗಿಸಬಾರದು ಅನ್ನಿಸಿತು.

ತೇಪೆಗಳು ಅದಾಗಲೇ ಮೂರಾಗಿದ್ದವು. ಹಳೆಯ ಕಡತ ತೆಗೆಸಿದರೆ ಅದೇ ಜಾಗ, ಅದೇ ಫ್ಯಾನಿನ ಮೇಲಿನ ತಾರಸಿ, ಮೂರು ಸಲ ರಿಪೇರಿ. ಪ್ರತಿ ಸಲವೂ ಒಂದೆರಡು ಮಳೆಗಾಲ ತಡೆದು ಮತ್ತೆ ಸೋರಿಕೆ.

ನನ್ನೊಳಗೆ ಇನ್ನೊಂದು ಭಯವೂ ಇತ್ತು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದಾಗ ನಾನು ಇದೇ ಊರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿದ್ದಾಗ ಕೆಲಸಕ್ಕೆ ಸೇರಿದ್ದೆ. ನಮ್ಮ ಕಟ್ಟಡಗಳು ಅಷ್ಟು ಹಳೆಯವಲ್ಲ, ಹೆಚ್ಚಿನವು 1960-70ರ ದಶಕದವು. ಆದರೂ ಗೋಡೆಯ ಸಂದಿಯಲ್ಲಿ ಅಶ್ವತ್ಥದ ಸಸಿ ಕಂಡಾಗಲೆಲ್ಲ ಆ ಎರಡು ಚಿತ್ರಗಳು ಕಣ್ಮುಂದೆ ಬರುತ್ತವೆ.

ಮೊದಲ ತಿಂಗಳು ನಾನು ಏನೂ ಕಟ್ಟಿಸಲಿಲ್ಲ, ಬರೀ ನೋಡಿದೆ. ಕ್ಯಾಂಪಸ್ಸಿನಲ್ಲಿ ಹಿಂದಿನಿಂದ ಗಾರೆ ಕೆಲಸ ಮಾಡುತ್ತಿದ್ದ ನಂಜನಗೂಡು ಕಡೆಯ ಮೇಸ್ತ್ರಿಯೊಬ್ಬರಿದ್ದಾರೆ. ಅವರನ್ನು ಕರೆದುಕೊಂಡು ಬಿಸಿಲಲ್ಲಿ ತಾರಸಿ ಹತ್ತಿದೆ. ಎಲ್ಲ ಚೆನ್ನಾಗಿಯೇ ಕಂಡಿತು. "ಬಿಸ್ಲಲ್ಲಿ ಏನ್ ಗೊತ್ತಾದದು? ಮಳೆ ಹುಯ್ಯುವಾಗ ಹತ್ಬೇಕು ಕನವ್ವ," ಎಂದರು. ಹಾಗೇ ಮಾಡಿದೆವು. ಮಳೆ ಬಂದಾಗೆಲ್ಲ ರೇನ್‌ಕೋಟು ಹಾಕಿಕೊಂಡು ಮೇಲೆ ಹೋಗಿ, ನೀರು ಯಾವ ಕಡೆಗೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಪೈಪು ಕುಡಿಯುತ್ತದೆ, ಯಾವುದು ಕುಡಿಯುವುದಿಲ್ಲ ಎಂದು ನೋಡಿ ನಕ್ಷೆಯ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆವು. ಮಳೆ ನಿಂತು ಒಂದು ದಿನವಾದ ಮೇಲೂ ನೀರು ನಿಂತಿದ್ದ ಜಾಗಗಳ ಸುತ್ತ ಸೀಮೆಸುಣ್ಣದ ಗೆರೆ ಎಳೆದೆವು. ಹನ್ನೊಂದು ಕಟ್ಟಡಗಳಲ್ಲಿ ಏಳರ ಮಳೆನೀರು ಪೈಪಿನ ಬಾಯಲ್ಲಿ ಎಲೆ, ಪ್ಲಾಸ್ಟಿಕ್ಕು, ಪಾರಿವಾಳದ ಗೂಡು. ಸೋರುತ್ತಿದ್ದ ಆ ಏಳರಲ್ಲಿ ಎರಡು ಬರೀ ಪೈಪು ಬಿಡಿಸಿದ್ದಕ್ಕೇ ನಿಂತುಹೋದವು. ಖರ್ಚು ಇಬ್ಬರ ಅರ್ಧ ದಿನದ ಕೂಲಿ. ಆದ್ದರಿಂದ ಎಸ್ಟಿಮೇಟು ಬರೆಯುವ ಮೊದಲು ಪೈಪು ಬಿಡಿಸಿ ಒಂದು ಮಳೆ ಕಾಯಿರಿ.

ಗ್ರಂಥಾಲಯ ಮಾತ್ರ ತನ್ನ ಗುಟ್ಟು ಬಿಟ್ಟುಕೊಡಲಿಲ್ಲ. ಫ್ಯಾನಿನ ನೆತ್ತಿಯ ಮೇಲಿನ ತಾರಸಿಗೆ ಇಟ್ಟಿಗೆ ಕಟ್ಟೆ ಕಟ್ಟಿ ಮೂರು ದಿನ ನೀರು ನಿಲ್ಲಿಸಿದೆವು. ಒಂದು ಹನಿಯೂ ಕೆಳಗೆ ಬರಲಿಲ್ಲ. ಆಗ ಹೋಸ್ ಪೈಪು ಹಿಡಿದು ಒಂದೊಂದೇ ಭಾಗಕ್ಕೆ ನೀರು ಬಿಡುತ್ತಾ ಹೋದೆವು, ಪ್ರತಿ ಜಾಗಕ್ಕೂ ಹದಿನೈದು ನಿಮಿಷ, ಕೆಳಗೊಬ್ಬರು ಟಾರ್ಚು ಹಿಡಿದು ನಿಂತು. ನಾಲ್ಕನೇ ದಿನ, ಫ್ಯಾನಿನಿಂದ ಒಂಬತ್ತು ಮೀಟರ್ ದೂರದಲ್ಲಿ ಹಳೆಯ ಕಟ್ಟಡ ಮತ್ತು 1980ರ ದಶಕದ ವಿಸ್ತರಣೆ ಕೂಡುವ ಕಡೆ ನೀರು ಬಿಟ್ಟಾಗ ಕೆಳಗಿನಿಂದ ಕೂಗು ಬಂತು. ಎರಡು ಕಟ್ಟಡಗಳ ನಡುವೆ ಬೇಕೆಂದೇ ಬಿಟ್ಟ ಒಂದಂಗುಲದ ಸಂದಿ ಅದು. ಅದಕ್ಕೆ ಯಾರೋ ಸಿಮೆಂಟು ಗಾರೆ ಮೆತ್ತಿ ಸಪಾಟು ಮಾಡಿದ್ದರು. ಅಲ್ಲಿ ಇಳಿದ ನೀರು ಮೋಲ್ಡಿನ, ಎಂದರೆ ಕಾಂಕ್ರೀಟು ಚಾವಣಿಯ, ಒಳಗಿನ ವೈರಿಂಗ್ ಪೈಪು ಹಿಡಿದು ಫ್ಯಾನಿನ ತನಕ ನಡೆದು ಬರುತ್ತಿತ್ತು. ಅಂದೇ ಆ ಮಹಡಿಯ ಆ ಸಾಲಿನ ವಿದ್ಯುತ್ ತೆಗೆಸಿದೆ. ಅಷ್ಟು ವರ್ಷ ಆ ಫ್ಯಾನು ಹಾಕುತ್ತಿದ್ದ ಸ್ವಿಚ್ಚನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಸಂದಿಗೆ ಗಾರೆ ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೆ ಸಣ್ಣ ಲೆಕ್ಕವಿದೆ. ಹತ್ತು ಮೀಟರ್ ಕಾಂಕ್ರೀಟು ಹತ್ತು ಡಿಗ್ರಿ ಬಿಸಿಯಾದರೆ ಸುಮಾರು ಒಂದು ಮಿಲಿಮೀಟರ್ ಹಿಗ್ಗುತ್ತದೆ. ನಮ್ಮ ತಾರಸಿ 30 ಮೀಟರ್. ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ 25 ಡಿಗ್ರಿ ವ್ಯತ್ಯಾಸವೆಂದರೂ 7 ಮಿಲಿಮೀಟರಿಗಿಂತ ಹೆಚ್ಚು. ದಿನಾ ಅಷ್ಟು ಆಡುವ ಸಂದಿಯಲ್ಲಿ ಗಾರೆ ಬಿರಿಯದೆ ಉಳಿಯುವುದು ಸಾಧ್ಯವೇ ಇಲ್ಲ.

ತಾರಸಿಯನ್ನು ಒಂದು ಕಡೆ ಅಗೆದು ನೋಡಿದಾಗ ಎರಡನೇ ಆಘಾತ. ಮೊದಲು ಹಾಕಿದ್ದ ಸುಣ್ಣದ ಜಲ್ಲಿ ಪದರ, ಅದರ ಮೇಲೆ ಇಟ್ಟಿಗೆ ಚೂರಿನ ಗಾರೆ, ಅದರ ಮೇಲೆ ಮತ್ತೆ ಸಿಮೆಂಟು. ಒಟ್ಟು ಎಂಟು ಇಂಚು. ಸೋರಿದಾಗಲೆಲ್ಲ ಹಳೆಯದನ್ನು ಕೀಳದೆ ಮೇಲೆ ಮೇಲೆ ಹಾಕುತ್ತಾ ಬಂದಿದ್ದರು. ಚದರ ಮೀಟರಿಗೆ 350 ಕಿಲೋ ಆಸುಪಾಸಿನ ಭಾರ ಮೋಲ್ಡಿನ ಮೇಲೆ ಸುಮ್ಮನೆ ಕೂತಿತ್ತು. ಜನ ಓಡಾಡುವ ತಾರಸಿಗೆ ನಾವು ಸಾಮಾನ್ಯವಾಗಿ ಹಿಡಿಯುವ ಓಡಾಟದ ಭಾರ ಚದರ ಮೀಟರಿಗೆ 150 ಕಿಲೋ. ಅದರ ಎರಡು ಪಟ್ಟಿಗೂ ಮಿಕ್ಕಿದ ಹೊರೆಯನ್ನು ಕಟ್ಟಡ ಹಗಲೂ ರಾತ್ರಿ ಹೊತ್ತಿತ್ತು. ಇನ್ನೊಂದು ಪದರ ಹಾಕುವ ಮಾತೇ ಇಲ್ಲ, ಎಲ್ಲ ಕಿತ್ತು ಮೋಲ್ಡಿಗೆ ಇಳಿಯಬೇಕು ಎಂದು ಬರೆದೆ. ಖರ್ಚು ಹೆಚ್ಚಾಗುತ್ತದೆ ಎಂದು ಮೇಲಿನವರು ಹಿಂದೇಟು ಹಾಕಿದರು. ಆ ಭಾರದ ಲೆಕ್ಕವೊಂದೇ ಅವರನ್ನು ಒಪ್ಪಿಸಿದ್ದು.

ಸಜ್ಜಾಗಳ ಪರೀಕ್ಷೆಗೆ ರಸಾಯನಶಾಸ್ತ್ರ ವಿಭಾಗದ ಪ್ರಾಧ್ಯಾಪಕರೊಬ್ಬರು ಫಿನಾಲ್ಫ್ಥಲೀನ್ ದ್ರಾವಣ ಕೊಟ್ಟರು. ಆಗ ತಾನೇ ಒಡೆದ ಕಾಂಕ್ರೀಟಿನ ಮೇಲೆ ಅದನ್ನು ಸಿಂಪಡಿಸಿದರೆ ಕ್ಷಾರ ಉಳಿದಿರುವ ಕಡೆ ಗಾಢ ಗುಲಾಬಿಯಾಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ನುಗ್ಗಿ ಕ್ಷಾರ ಕಳೆದುಹೋದ ಕಡೆ ಬಣ್ಣವೇ ಬರುವುದಿಲ್ಲ. ಕಂಬಿಗೆ ತುಕ್ಕು ಹಿಡಿಯದಂತೆ ಕಾಯುವುದು ಆ ಕ್ಷಾರವೇ. ನಮ್ಮ ಸಜ್ಜಾಗಳಲ್ಲಿ ಕಂಬಿಯ ಮೇಲಿದ್ದ ಕಾಂಕ್ರೀಟು 12 ಮಿಲಿಮೀಟರ್, ಬಣ್ಣ ಬಾರದ ಆಳ 20 ಮಿಲಿಮೀಟರ್. ಎಂದರೆ ಕಂಬಿಗಳು ಕಾವಲಿಲ್ಲದೆ ನಿಂತಿದ್ದವು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಅದು ಊದಿಕೊಂಡು ಕಾಂಕ್ರೀಟನ್ನು ಸಿಡಿಸುತ್ತದೆ. ವಿದ್ಯಾರ್ಥಿಗಳು ನೆರಳಿಗೆ ನಿಲ್ಲುವ ಜಾಗ ಅದು. ಅಂದು ಸಂಜೆಯೇ ಕೆಳಗೆ ಹಗ್ಗ ಕಟ್ಟಿಸಿದೆ. ಆ ಹಗ್ಗ ಹದಿನೆಂಟು ತಿಂಗಳು ಅಲ್ಲೇ ಇತ್ತು.

ಇನ್ನು ಕಾಗದದ ಕಥೆ. ಗ್ರಂಥಾಲಯದ 620 ಚದರ ಮೀಟರ್, ಇನ್ನೆರಡು ಕಟ್ಟಡಗಳ ತಾರಸಿ, ಸಜ್ಜಾ, ಕಿಟಕಿ ಸೇರಿ 46 ಲಕ್ಷದ ಎಸ್ಟಿಮೇಟು. ಅದರ ಜೊತೆ ಬೇಕಾದವು: ಹಳೆಯ ರಿಪೇರಿಗಳ ವಿವರ, ಫೋಟೋಗಳು, ನಕ್ಷೆ, ದರಪಟ್ಟಿಯಲ್ಲಿಲ್ಲದ ವಸ್ತುಗಳಿಗೆ ಮೂರು ಕೊಟೇಷನ್ನು, ದರ ವಿಶ್ಲೇಷಣೆ. ಜನವರಿಯಲ್ಲಿ ಕಡತ ಹೊರಟಿತು. ಎರಡು ಸಲ ಆಕ್ಷೇಪಣೆಯೊಂದಿಗೆ ಮರಳಿತು, ಒಮ್ಮೆ ಒಂದು ಪುಟಕ್ಕೆ ಸಹಿ ಇಲ್ಲವೆಂದು, ಒಮ್ಮೆ ಇದನ್ನು ವಾರ್ಷಿಕ ನಿರ್ವಹಣೆಯಲ್ಲೇ ಯಾಕೆ ಮಾಡಬಾರದೆಂದು. ತಾಂತ್ರಿಕ ಮಂಜೂರಾತಿ ಸಿಕ್ಕಿ ಆಡಳಿತಾತ್ಮಕ ಅನುಮೋದನೆಗೆ ಹೋದಾಗ 2023ರ ಮಾರ್ಚ್ 29. ಅಂದೇ ವಿಧಾನಸಭೆ ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಬಂತು. ಮೇ ಮಧ್ಯದವರೆಗೆ ಟೆಂಡರಿನ ಮಾತಿಲ್ಲ. ಆಮೇಲೆ ಹೊಸ ಹಣಕಾಸು ವರ್ಷದ ಬಜೆಟ್ಟಿನಲ್ಲಿ ಮತ್ತೆ ಸೇರಿಸಬೇಕಾಯಿತು. ಆಗಸ್ಟಿನಲ್ಲಿ ಟೆಂಡರು ಕರೆದರೆ ಒಬ್ಬರೇ ಬಂದರು, ಮರುಟೆಂಡರು. ಕಾರ್ಯಾದೇಶ ಕೊಟ್ಟದ್ದು ಡಿಸೆಂಬರಿನಲ್ಲಿ. ಸೋರಿದ ಆ ಬೆಳಿಗ್ಗೆಯಿಂದ ಹದಿನಾಲ್ಕು ತಿಂಗಳು. ಅಷ್ಟು ದಿನ ಗ್ರಂಥಾಲಯದ ಆ ಸಾಲನ್ನು ಟಾರ್ಪಾಲು ಹೊದಿಸಿ ಕಾಪಾಡಿದ್ದು ಅದೇ ಅಟೆಂಡರ್.

ತಾರಸಿ ಕೆಲಸಕ್ಕೆ ನಮ್ಮೂರಿನಲ್ಲಿ ಜನವರಿಯಿಂದ ಏಪ್ರಿಲ್ ಮೊದಲ ವಾರದವರೆಗೆ ಮಾತ್ರ ನೆಮ್ಮದಿ. ಭರಣಿ ಮಳೆ ಶುರುವಾದರೆ ಮುಗಿಯಿತು. ಆಷಾಢದಲ್ಲಿ ಕರಾವಳಿಯಷ್ಟು ಹುಯ್ಯದಿದ್ದರೂ ಮೇ ತಿಂಗಳಿನಲ್ಲಿ, ಮತ್ತೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇಲ್ಲಿ ಜೋರು ಮಳೆ. ಜನವರಿಗೆ ಗಾರೆಯವರು ಮೇಲಿರಬೇಕೆಂದರೆ ಕಡತ ಹಿಂದಿನ ಜೂನಿನಲ್ಲೇ ಹೊರಡಬೇಕು.

ಕೆಲಸ ಶುರುವಾದ ಮೊದಲ ವಾರದಲ್ಲೇ ನನ್ನ ತಪ್ಪು ಕಂಡಿತು. ಎಂಟು ಇಂಚು ಕೀಳುವುದಕ್ಕೆ ದರ ಹಾಕಿದ್ದೆ, ಕಿತ್ತದ್ದನ್ನು ಕ್ಯಾಂಪಸ್ಸಿನ ಆಚೆ ಸಾಗಿಸುವುದಕ್ಕೆ ಹಾಕಿರಲಿಲ್ಲ. ಗ್ರಂಥಾಲಯ ಒಂದರಿಂದಲೇ ನಲವತ್ತು ಟಿಪ್ಪರ್ ಲೋಡು. ಮಣ್ಣಿನ ಗುಡ್ಡೆ ಓದುವ ಕೋಣೆಯ ಕಿಟಕಿಯ ಮಟ್ಟಕ್ಕೆ ಬಂತು, ಧೂಳಿಗೆ ವಿದ್ಯಾರ್ಥಿಗಳು ದೂರು ಕೊಟ್ಟರು. ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಉಬ್ಬಸದಿಂದ ಎರಡು ವಾರ ಗ್ರಂಥಾಲಯಕ್ಕೇ ಬರಲಾಗಲಿಲ್ಲ, ಅವಳಿಗೆ ಬೇಕಾದ ಪುಸ್ತಕಗಳನ್ನು ಹಾಸ್ಟೆಲಿಗೆ ಕಳಿಸುವ ವ್ಯವಸ್ಥೆ ಮಾಡಿಸಿದೆ. ಸಾಗಣೆಗೆ, ಇನ್ನೆರಡು ಬಾಬ್ತಿಗೆ ಹೆಚ್ಚುವರಿ 3 ಲಕ್ಷದ 80 ಸಾವಿರ ಮಂಜೂರು ಮಾಡಿಸಲು ಮತ್ತೊಂದು ಕಡತ. ದಯವಿಟ್ಟು ಸಾಗಣೆಯ ಬಾಬ್ತು ಮರೆಯಬೇಡಿ. ಧೂಳು ತಡೆಯುವ ಹಸಿರು ಪರದೆಯನ್ನೂ ಎಸ್ಟಿಮೇಟಿನಲ್ಲೇ ಬರೆಯಿರಿ.

ಮೋಲ್ಡು ಬರಿದಾದ ಮೇಲೆ ಬಿರುಕುಗಳನ್ನು ತುಂಬಿ, ಪೈಪುಗಳ ಕಡೆಗೆ ನೂರಕ್ಕೆ ಒಂದರ ಇಳಿಜಾರಿನಲ್ಲಿ ತೆಳುವಾದ ಕಾಂಕ್ರೀಟು, ಅದರ ಮೇಲೆ ಬಳಿಯುವ ಜಲನಿರೋಧಕ ಎರಡು ಕೋಟು, ಪ್ಯಾರಪೆಟ್ಟಿನ ಮೇಲಕ್ಕೂ ಒಂದಡಿ ಏರಿಸಿ. ಅದನ್ನು ಕಾಯಲು ಮತ್ತೊಂದು ತೆಳು ಗಾರೆ, ಕೊನೆಗೆ ಬಿಳಿ ಟೈಲ್ಸ್ ಚೂರು. ಬಿಳಿ ಮೈ ಬಿಸಿಲನ್ನು ಹಿಂದಕ್ಕೆ ಹೊಡೆಯುತ್ತದೆ. ಕಳೆದ ಬೇಸಿಗೆಯಲ್ಲಿ ಕೆಳಗಿನ ಮಹಡಿಯವರು ಫ್ಯಾನಿನ ಗಾಳಿ ಬಿಸಿಯಿಲ್ಲ ಎಂದು ತಾವಾಗಿ ಬಂದು ಹೇಳಿದರು. ಮೂಲೆಗಳನ್ನು ಚೌಕವಾಗಿ ಬಿಡದೆ ಗಾರೆಯಿಂದ ದುಂಡಗೆ ಮಾಡಿಸಿ, ಪದರ ಮೊದಲು ಹರಿಯುವುದು ಅಲ್ಲೇ.

ಸಂದಿಯ ವಿಷಯ ಇನ್ನಷ್ಟು ಹೇಳಬೇಕು. ಎರಡೂ ಬದಿಗೆ ಆರಂಗುಲದ ಕಟ್ಟೆ ಎಬ್ಬಿಸಿ, ಒಳಗಿನ ಕಸ ತೆಗೆದು, ಫೋಮಿನ ಹಗ್ಗ ತುರುಕಿ, ರಬ್ಬರಿನಂತೆ ಹಿಗ್ಗುವ ಸೀಲೆಂಟು ತುಂಬಿ, ಮೇಲೆ ಅಲ್ಯೂಮಿನಿಯಂ ತಗಡು ಮುಚ್ಚಬೇಕಿತ್ತು. ತಗಡಿಗೆ ಒಂದೇ ಬದಿಗೆ ಸ್ಕ್ರೂ ಎಂದು ನಕ್ಷೆಯಲ್ಲಿ ಬರೆದಿದ್ದೆ. ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಹುಡುಗರು ಗಟ್ಟಿಯಾಗಿರಲಿ ಎಂದು ಎರಡೂ ಬದಿಗೆ ಬಿಗಿದಿದ್ದರು. ಅವರ ತಪ್ಪಲ್ಲ, ಯಾಕೆ ಎಂದು ನಾನು ಹೇಳಿರಲಿಲ್ಲ. ವಾರದಲ್ಲೇ ತಗಡು ಅಲೆಯಂತೆ ಎದ್ದಿತು. ಬಿಚ್ಚಿಸಿ, ಎಲ್ಲರನ್ನೂ ಕೂರಿಸಿ, ಬಿಸಿಲಿಗೆ ಕಟ್ಟಡ ಹೇಗೆ ಹಿಗ್ಗುತ್ತದೆ ಎಂದು ಸಂದಿಯ ಮೇಲೆ ಪೆನ್ಸಿಲ್ ಗುರುತಿಟ್ಟು ಬೆಳಿಗ್ಗೆ-ಮಧ್ಯಾಹ್ನ ತೋರಿಸಿದೆ. ಮೇಸ್ತ್ರಿ ಅಳತೆ ಪಟ್ಟಿ ಹಿಡಿದು ಬಗ್ಗಿ ನೋಡಿ, "ನಲ್ವತ್ ವರ್ಸ ಈ ಕೆಲ್ಸ ಮಾಡಿವ್ನಿ, ಕಟ್ಟಡ ಉಸ್ರಾಡ್ತದೆ ಅಂತ ಇವತ್ತೇ ಕನವ್ವ ಕಂಡದ್ದು," ಎಂದರು.

ಆಮೇಲೆ ನೀರಿನ ಪರೀಕ್ಷೆ. ಇಲ್ಲಿ ನಾನು ಎಣಿಸದ ಅಡ್ಡಿ ಬಂತು. 2023ರಲ್ಲಿ ಮಳೆ ಕೈಕೊಟ್ಟು, 2024ರ ಬೇಸಿಗೆಗೆ ಎಲ್ಲೆಲ್ಲೂ ನೀರಿಗೆ ತತ್ವಾರ. ಹಾಸ್ಟೆಲಿಗೆ ಟ್ಯಾಂಕರ್ ತರಿಸುತ್ತಿದ್ದ ಹೊತ್ತಿನಲ್ಲಿ ತಾರಸಿಯ ಮೇಲೆ ನೀರು ನಿಲ್ಲಿಸುತ್ತೇನೆಂದರೆ ಯಾರು ಒಪ್ಪುತ್ತಾರೆ? ಸರಾಸರಿ 40 ಮಿಲಿಮೀಟರ್ ನಿಲ್ಲಿಸಲು 620 ಚದರ ಮೀಟರಿಗೆ ಸುಮಾರು 25,000 ಲೀಟರು. ನನಗೂ ಮನಸ್ಸು ಬರಲಿಲ್ಲ. ಕೊನೆಗೆ ತಾರಸಿಯನ್ನು ಕಟ್ಟೆ ಕಟ್ಟಿ ನಾಲ್ಕು ಭಾಗ ಮಾಡಿ, ಬೋರ್‌ವೆಲ್ಲಿನ ಆರು ಸಾವಿರ ಲೀಟರನ್ನು ಒಂದರಲ್ಲಿ 72 ಗಂಟೆ ನಿಲ್ಲಿಸಿ, ಪಂಪಿನಿಂದ ಮುಂದಿನ ಭಾಗಕ್ಕೆ ದಾಟಿಸಿದೆವು. ಆವಿಯಾದಷ್ಟು ಮಾತ್ರ ಸೇರಿಸಿದೆವು. ನಾಲ್ಕೂ ಮುಗಿದ ಮೇಲೆ ಅದೇ ನೀರು ತೋಟಕ್ಕೆ. ಮೂರು ದಿನದ ಬದಲು ಎರಡು ವಾರ ಹಿಡಿಯಿತು.

ಆ ಎರಡು ವಾರದ ನಡುವೆ ಮಾರ್ಚ್ 31 ಬಂತು. ಅಷ್ಟರೊಳಗೆ ಪೂರ್ತಿ ಬಿಲ್ಲು ಕೊಡದಿದ್ದರೆ ಉಳಿದ ಹಣ ವಾಪಸು ಹೋಗುತ್ತದೆ ಎಂದು ಹಣಕಾಸಿನ ಕಡೆಯಿಂದ ದಿನಕ್ಕೆರಡು ಫೋನು. ಪರೀಕ್ಷೆ ಮುಗಿದಿದೆ ಎಂದು ಅಳತೆ ಪುಸ್ತಕದಲ್ಲಿ ಬರೆದುಬಿಡಿ, ಆಮೇಲೆ ಮಾಡಿದರಾಯಿತು ಎಂದು ಹಿತೈಷಿಗಳೇ ಹೇಳಿದರು. ಆ ಮೂರು ರಾತ್ರಿ ನಿದ್ದೆ ಬರಲಿಲ್ಲ. ಗುತ್ತಿಗೆದಾರರ ಕೂಲಿಗಳಿಗೆ ಯುಗಾದಿ ಖರ್ಚಿಗೆ ಹಣ ಬೇಕಿತ್ತು, ಅದು ನಿಜ. ಮುಗಿದ ಎರಡು ಭಾಗಕ್ಕೆ ಬರೆದೆ, ಉಳಿದ ಎರಡಕ್ಕೆ ಬರೆಯಲಿಲ್ಲ. 9 ಲಕ್ಷ ವಾಪಸು ಹೋಯಿತು. ಮೂರನೇ ಭಾಗದಲ್ಲಿ ಪೈಪಿನ ಬಾಯಿಯ ಸುತ್ತ ಕೆಳಗೆ ತೇವ ಕಂಡಿತು. ಕಿತ್ತು ಮತ್ತೆ ಬಳಿದರು. ಹಣ ಮತ್ತೆ ಮಂಜೂರಾಗಲು ಐದು ತಿಂಗಳಾಯಿತು, ಲೋಕಸಭಾ ಚುನಾವಣೆಯ ನೀತಿಸಂಹಿತೆಯೂ ನಡುವೆ ಬಂತು. ಗುತ್ತಿಗೆದಾರರು ಕೆಲಕಾಲ ನನ್ನ ಜೊತೆ ಮಾತು ಬಿಟ್ಟಿದ್ದರು. ಅವರ ಸಿಟ್ಟು ನ್ಯಾಯವೇ, ನನ್ನ ನಿಲುವನ್ನೂ ನಾನು ಬದಲಿಸುತ್ತಿರಲಿಲ್ಲ. ನೀವು ಟೆಂಡರ್ ಬರೆಯುವಾಗ ನೀರಿನ ಪರೀಕ್ಷೆಯನ್ನೇ ಬೇರೆ ಕಂತಾಗಿ ಬರೆಯಿರಿ, ಆಗ ಇಡೀ ಬಿಲ್ಲು ಅದಕ್ಕೆ ಸಿಕ್ಕಿಕೊಳ್ಳುವುದಿಲ್ಲ.

ಮೇ ತಿಂಗಳ ಮಳೆಯಲ್ಲಿ ಗ್ರಂಥಾಲಯದ ಸೂರು ಒಣಗಿತ್ತು. ಆದರೆ ಜೂನಿನ ಗಾಳಿ ಮಳೆಗೆ ನೈಋತ್ಯದ ಕಡೆಯ ಕಿಟಕಿಗಳ ಕೆಳಗೆ ಗೋಡೆ ನೆನೆಯಿತು. ತಾರಸಿಯ ಗದ್ದಲದಲ್ಲಿ ಅದು ನಮಗೆ ಕಂಡಿರಲೇ ಇಲ್ಲ. ಕಿಟಕಿಯ ಕೆಳಗಿನ ಕಟ್ಟೆ ಒಳಮುಖಕ್ಕೆ ಇಳಿಜಾರಾಗಿತ್ತು, ಸಜ್ಜಾಗಳ ತಳದಲ್ಲಿ ನೀರು ಕಡಿದು ಬೀಳಿಸುವ ಗಾಡಿಯೇ, ಎಂದರೆ ಅಂಚಿನುದ್ದಕ್ಕೂ ಬಿಡುವ ಸಣ್ಣ ತೋಡೇ, ಇರಲಿಲ್ಲ. ಅಂಚಿನಿಂದ ಒಂದೂವರೆ ಅಂಗುಲ ಒಳಗೆ ಅರ್ಧ ಅಂಗುಲದ ಗಾಡಿ ಇದ್ದರೆ ನೀರು ಸಜ್ಜಾದ ತಳ ಹಿಡಿದು ಗೋಡೆಗೆ ಬರುವುದಿಲ್ಲ, ಅಲ್ಲೇ ಉದುರುತ್ತದೆ. ಸಜ್ಜಾಗಳ ತುಕ್ಕು ಕಂಬಿ ಉಜ್ಜಿ, ರಿಪೇರಿ ಗಾರೆ ಹಾಕುವಾಗಲೇ ಗಾಡಿ ಬಿಡಿಸಿದೆವು. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನದು ಅದೇ, ಫಲ ಮಾತ್ರ ಮೊದಲ ಮಳೆಗೇ ಕಂಡಿತು.

ಒಂದು ಹಳೆಯ ಕಟ್ಟಡದ ಸುಣ್ಣದ ಗಾರೆ ಗೋಡೆಯ ಮೇಲೆ ಹಿಂದೆ ಯಾರೋ ಸಿಮೆಂಟು ಪ್ಲಾಸ್ಟರ್ ಮಾಡಿ ಪ್ಲಾಸ್ಟಿಕ್ ಪೇಂಟು ಬಳಿದಿದ್ದರು. ಸುಣ್ಣದ ಗೋಡೆ ನೆಲದ ತೇವ ಹೀರಿ ಹೊರಗೆ ಬಿಡುತ್ತದೆ. ಹೊರಮೈ ಮುಚ್ಚಿದರೆ ಆ ತೇವ ಒಳಕ್ಕೆ ತಿರುಗುತ್ತದೆ, ಉಪ್ಪು ಹೂ ಬಿಡುತ್ತದೆ. ಬುಡದ ಮೂರಡಿ ಸಿಮೆಂಟು ಕೀಳಿಸಿ ಸುಣ್ಣದ ಗಾರೆಯನ್ನೇ ಮಾಡಿಸಿದೆವು. ಹದವಾಗಿ ಸುಣ್ಣ ಕೊಳೆಸಿ ಬಳಸಬಲ್ಲವರು ಸಿಗಲು ಎರಡು ತಿಂಗಳಾಯಿತು. ಸಿಕ್ಕವರು ತಿ. ನರಸೀಪುರದ ಕಡೆಯ ಎಪ್ಪತ್ತು ದಾಟಿದ ಅಜ್ಜ ಮತ್ತು ಅವರ ಮೊಮ್ಮಗ. ಗೋಡೆ ಈಗಲೂ ನಿಧಾನವಾಗಿ ಒಣಗುತ್ತಿದೆ, ಅದಕ್ಕೆ ಇನ್ನೊಂದು ವರ್ಷ ಬೇಕು.

ಜಲನಿರೋಧಕದ ಬಾಬ್ತಿನ ಹತ್ತು ಶೇಕಡಾ ಹಣವನ್ನು ಹತ್ತು ವರ್ಷದ ಖಾತರಿಗೆ ಹಿಡಿದಿದ್ದೇವೆ, ಕೇಂದ್ರ ಲೋಕೋಪಯೋಗಿ ಇಲಾಖೆಯ ಪದ್ಧತಿಯಂತೆ. ಗುತ್ತಿಗೆದಾರರು ನಗದಿನ ಬದಲು ಬ್ಯಾಂಕ್ ಗ್ಯಾರಂಟಿ ಕೊಟ್ಟರು. ಖಾತರಿ ಉಳಿಯಬೇಕೆಂದರೆ ತಾರಸಿಗೆ ಬೇರೆಯವರು ಮೊಳೆ ಹೊಡೆಯಬಾರದು. ನಮ್ಮಲ್ಲಿ ಸೋಲಾರ್, ಎಸಿ, ಇಂಟರ್ನೆಟ್ಟಿನವರು ಕೇಳದೆಯೇ ಡ್ರಿಲ್ ಮಾಡುತ್ತಿದ್ದರು. ಈಗ ತಾರಸಿಯ ಬಾಗಿಲಿಗೆ ಬೀಗ, ಕೀಲಿಯ ಜೊತೆಗೊಂದು ಪುಸ್ತಕ. ಯಾರು, ಯಾವತ್ತು, ಯಾವ ಕೆಲಸಕ್ಕೆ ಹತ್ತಿದರು ಎಂದು ಬರೆಯಲೇಬೇಕು. ಪ್ರತಿ ಕಟ್ಟಡಕ್ಕೂ ಒಂದು ಕಡತ ಮಾಡಿದ್ದೇನೆ: ನಕ್ಷೆ, ಫೋಟೋ, ಯಾವ ಪದರ, ಯಾವ ಕಂಪನಿಯ ಯಾವ ಡಬ್ಬ, ಯಾವ ತಿಂಗಳು. ನಾನು ವರ್ಗವಾದರೆ ಮುಂದೆ ಬರುವವರು ಮತ್ತೆ ನಾಲ್ಕು ದಿನ ಹೋಸ್ ಪೈಪು ಹಿಡಿಯಬೇಕಾಗಬಾರದು.

ಹನ್ನೊಂದರಲ್ಲಿ ಮೂರು ಮುಗಿದಿವೆ. ಮುಂದಿನದು ಮಹಿಳಾ ಹಾಸ್ಟೆಲಿನ ಪೂರ್ವದ ಗೋಡೆ. ಅದರ ಪ್ಯಾರಪೆಟ್ಟಿನಲ್ಲಿ ಆಲದ ಬೇರು ಇಟ್ಟಿಗೆಯ ಎರಡು ವರಸೆ ಎತ್ತಿದೆ. ಈ ವಾರ ಪೈಪುಗಳ ಬಾಯಿ ಬಿಡಿಸಿದ್ದೇವೆ, ಒಂದು ಮಳೆ ಬರಲೆಂದು ಮೇಸ್ತ್ರಿಯೂ ನಾನೂ ಕಾಯುತ್ತಿದ್ದೇವೆ.